ನೆಟ್ ಹೊರುವವನೇ ಯಂಗ್

ಕಳೆದ ತಿಂಗಳು ಒಂದು ಭಾನುವಾರ, ಸಂಜೆ ಐದೂಮುಕ್ಕಾಲಿಗೆ ಸರಿಯಾಗಿ, ನಾನು ಮುದುಕನಾದೆ.

ನಗಬೇಡಿ. ಟೈಮ್ ಸಮೇತ ಹೇಳುತ್ತಿದ್ದೇನೆ. ಅದಕ್ಕೆ ಒಂದು ನಿಮಿಷ ಮುಂಚಿನವರೆಗೆ ನಾನು ಯಂಗ್. ಊರೇ ನನ್ನನ್ನು ಹಾಗೆ ಕರೆಯುತ್ತಿತ್ತು. ವಯಸ್ಸು ಐವತ್ತೆರಡು, ಮೂಗಿನ ಮೇಲೆ ಕನ್ನಡಕ, ಎದೆಯುದ್ದ ಬೆಳೆದ ಮಗ. ಆದರೂ ಯಂಗ್. ಅದು ಹೇಗೆ ಅಂತೀರಾ?

ಹೊಂಗಡಹಳ್ಳದ ಈಚೆ, ಬಿಸಿಲೆ ರಸ್ತೆಯ ಮೇಲಿರುವ ನಮ್ಮೂರಿನಲ್ಲಿ ಒಂದು ವಾಲಿಬಾಲ್ ತಂಡವಿದೆ. ಹೆಸರು ಯಂಗ್ ಬಾಯ್ಸ್. ಅದರಲ್ಲಿ ಬಾಯ್ಸ್ ಯಾರೂ ಇಲ್ಲ. ಕ್ಯಾಪ್ಟನ್ ಧರ್ಮಣ್ಣನಿಗೆ ಅರವತ್ತಮೂರು. ಪಕ್ಕದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ಅವನ ಕೃಪೆಯಿಂದ ಎಸ್ಟೇಟಿನ ಕಾಫಿ ಕಣವೇ ನಮ್ಮ ಕೋರ್ಟು. ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಕಾಫಿ ಒಣಗುತ್ತದೆ, ಮಳೆ ಇಲ್ಲದ ಉಳಿದ ದಿನಗಳಲ್ಲಿ ನಾವು ಒಣಗುತ್ತೇವೆ.

ಈ ತಂಡಕ್ಕೊಂದು ಕಾನೂನಿದೆ. ಕೊನೆಗೆ ಸೇರಿದವನು ಯಂಗ್. ಅಷ್ಟೆ. ಹುಟ್ಟಿದ ತಾರೀಕು ಯಾರೂ ಕೇಳುವುದಿಲ್ಲ. ನೆಟ್ ಹೊತ್ತು ತರುವುದು, ಕಟ್ಟುವುದು, ಆಟ ಮುಗಿದ ಮೇಲೆ ಬಿಚ್ಚಿ ಸುತ್ತಿ ವಾಪಸು ಮನೆಗೆ ಒಯ್ಯುವುದು, ಬಾಲಿಗೆ ಗಾಳಿ ಹೊಡೆಯುವುದು, ಎಲ್ಲ ಅವನ ಕೆಲಸ. ಬಾಲು ಬೇಲಿ ದಾಟಿ ಕಾಫಿ ಗಿಡಗಳ ಒಳಗೆ ಹೋದರೆ ತರುವವನೂ ಅವನೇ (ಜಿಗಣೆ ಕಚ್ಚಿಸಿಕೊಳ್ಳುವವನೂ ಅವನೇ). ಇನ್ನೊಬ್ಬ ಸೇರುವ ತನಕ.

ನಾನು ಸೇರಿದಾಗ ನನಗೆ ಇಪ್ಪತ್ತೆಂಟು. ಆಮೇಲೆ ಇನ್ನೊಬ್ಬ ಸೇರಲೇ ಇಲ್ಲ. ನನ್ನ ಹಿಂದೆ ಬೆಳೆದ ಹುಡುಗರೆಲ್ಲ ಕ್ರಿಕೆಟ್ ಬ್ಯಾಟು ಹಿಡಿದರು. ಇಪ್ಪತ್ತನಾಲ್ಕು ವರ್ಷ ನಾನೇ ಯಂಗ್! ನನಗಿಂತ ಎರಡು ವರ್ಷ ಚಿಕ್ಕವನಾದ ಸೋಮಶೇಖರ ಕಣದ ಕಟ್ಟೆ ಮೇಲೆ ಕೂತು ಟೀ ಕುಡಿಯುತ್ತಾನೆ. ಯಾಕೆಂದರೆ ಅವನು ನನಗಿಂತ ಒಂದು ವಾರ ಮೊದಲು ಸೇರಿದ್ದ. ಒಂದೇ ವಾರ. ನನ್ನ ಮದುವೆಯಾದ ಮೂರನೇ ದಿನ ಧರ್ಮಣ್ಣ ಗೇಟಿನ ಹತ್ತಿರ ನಿಂತು, "ಲೋ ಯಂಗೂ, ನೆಟ್ ತಗಂಡ್ ಬಾರೋ!" ಅಂತ ಕೂಗಿದ್ದ. ಹೊಸ ಹೆಂಡತಿ ಶೈಲಾ, "ಯಾರ್ರೀ ಅದು ಯಂಗು?" ಎಂದು ಕೇಳಿದ್ದಳು. ನಾನೇ ಅಂತ ಹೇಳಲು ನಾಚಿಕೆಯಾಗಿತ್ತು.

ನೆಟ್ ಹೊತ್ತುಕೊಂಡು ನಡೆಯುವವನಿಗೆ ಯೋಚನೆ ಮಾಡಲು ಬೇಕಾದಷ್ಟು ಟೈಮ್ ಸಿಗುತ್ತದೆ. ನಾನು ಈ ಪದದ ಬಗ್ಗೆಯೇ ಯೋಚಿಸಿದ್ದೇನೆ. ನಮ್ಮಲ್ಲಿ ಪದಗಳಿಗೇನು ಬರವೇ? ಸೌತೆಕಾಯಿಗೆ, ಬೆಳಗಿನ ಬಿಸಿಲಿಗೆ ಎಳೆ ಅನ್ನುತ್ತೇವೆ. ತಮ್ಮನಾದರೆ ಕಿರಿಯ. ಮೀಸೆ ಚಿಗುರಿದವನಿಗೆ ಹರೆಯ. ಅದೇ ಮೀಸೆಯವನಿಗೆ ಎಳಸು ಅಂದುಬಿಟ್ಟರೆ ಜಗಳ. ಇಷ್ಟೆಲ್ಲ ಇಟ್ಟುಕೊಂಡು ಎಲ್ಲದಕ್ಕೂ ಯಂಗ್ ಯಂಗ್ ಅನ್ನುತ್ತೇವಲ್ಲ, ಯಾಕೆ? ಅದನ್ನು ಯಾರಿಗೆ ಬೇಕಾದರೂ ಹೇಳಬಹುದು, ಯಾರೂ ಪುರಾವೆ ಕೇಳುವುದಿಲ್ಲ, ಅದಕ್ಕೆ.

ಅರವತ್ತು ದಾಟಿದ ರಾಜಕಾರಣಿ ಫ್ಲೆಕ್ಸಿನಲ್ಲಿ ಯಂಗ್ ಲೀಡರ್ (ಫೋಟೋ ಮಾತ್ರ ನಿಜವಾಗಿಯೂ ಯಂಗ್). ಎಂಬತ್ತೈದರ ನಮ್ಮ ದೊಡ್ಡಮ್ಮ ಎಪ್ಪತ್ತರವರೊಬ್ಬರ ತಿಥಿ ಊಟಕ್ಕೆ ಹೋಗಿ, "ಯಂಗ್ ಏಜಲ್ಲೇ ಹೋಗ್ಬುಟ್ಟ, ಪಾಪ" ಎಂದು ಕಣ್ಣೊರೆಸಿಕೊಂಡು ಬಂದರು. ಸಕಲೇಶಪುರದ ಡಾಕ್ಟರು ನನ್ನ ಮಂಡಿ ಒತ್ತಿ ನೋಡಿ, "ನೀವಿನ್ನೂ ಯಂಗ್ ಕಣ್ರೀ" ಎಂದಾಗ ನಾನು ಬಸ್‌ಸ್ಟ್ಯಾಂಡಿನವರೆಗೆ ಖುಷಿಯಾಗಿ ನಡೆದೆ. ಬಸ್ಸು ಹತ್ತುವಾಗ ಹೊಳೆಯಿತು. ಇಪ್ಪತ್ತರ ಹುಡುಗನಿಗೆ ಯಾರಾದರೂ ನೀನಿನ್ನೂ ಯಂಗ್ ಅನ್ನುತ್ತಾರಾ? ಆ "ಇನ್ನೂ" ಬಂತು ಅಂದರೆ ಯಂಗ್ ಗಂಟುಮೂಟೆ ಕಟ್ಟಿದೆ ಅಂತಲೇ ತಿಳಿಯಬೇಕು.

ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಕಣದ ಪಕ್ಕದ ತೋಟದಲ್ಲಿ. ಧರ್ಮಣ್ಣನ ಹಾಜರಿ ಪುಸ್ತಕದಲ್ಲಿ ಆ ತುಂಡಿನ ಹೆಸರು "ಯಂಗ್ ಕಾಫಿ". ಗಿಡ ನೆಟ್ಟದ್ದು ಧರ್ಮಣ್ಣ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಒಂದೊಂದರ ಬುಡವೂ ನನ್ನ ತೊಡೆ ದಪ್ಪ.

"ಇದ್ಯಾವ ಸೀಮೆ ಯಂಗು ಧರ್ಮಣ್ಣ?" ಎಂದು ಒಮ್ಮೆ ಕೇಳಿದ್ದೆ.

"ಇದಾದ್ಮೇಲೆ ಎಸ್ಟೇಟಲ್ಲಿ ಯಾವ್ದೂ ಹೊಸ ಗಿಡ ಹಾಕಿಲ್ವಲ್ಲೋ ಮಾರಾಯ. ಇನ್ಯಾವ್ದುನ್ನ ಯಂಗು ಅನ್ನದು?" ಎಂದ.

ಕಾಲಿನಿಂದ ಜಿಗಣೆ ಕೀಳುತ್ತಾ ಆ ಗಿಡಗಳನ್ನು ನೋಡಿದೆ. ನನ್ನ ಒಡಹುಟ್ಟಿದವರ ಹಾಗೆ ಕಂಡವು. ಯಂಗ್ ಅನ್ನುವುದು ವಯಸ್ಸಲ್ಲ ಸ್ವಾಮಿ, ಸಾಲಿನ ಕೊನೆಯ ಜಾಗ.

ಆ ಜಾಗದಿಂದ ಯಾವಾಗ ಬಿಡುಗಡೆ ಅಂತ ಕಾಯುತ್ತಿದ್ದವನಿಗೆ ಆ ಭಾನುವಾರ ಚೈತ್ರ ಸಿಕ್ಕಳು. ಕಾಫಿ ನರ್ಸರಿಯಲ್ಲಿ ಕೆಲಸ ಮಾಡುವ ರತ್ನಕ್ಕನ ಮಗಳು. ಸಕಲೇಶಪುರದಲ್ಲಿ ಡಿಗ್ರಿ ಓದುತ್ತಾಳೆ, ಕಾಲೇಜಿನ ವಾಲಿಬಾಲ್ ಟೀಮಿನಲ್ಲಿದ್ದಾಳೆ. ಎರಡು ವಾರದಲ್ಲಿ ಹಾಸನದಲ್ಲಿ ಯೂನಿವರ್ಸಿಟಿ ತಂಡಕ್ಕೆ ಸೆಲೆಕ್ಷನ್ ಇದೆ. ಕಾಲೇಜಿಗೆ ರಜೆ. ಪ್ರಾಕ್ಟೀಸಿಗೆ ಜನವಿಲ್ಲ. ಕಣದ ಅಂಚಿಗೆ ಬಂದು ನಿಂತು, "ನಿಮ್ ಜೊತೆ ನಾನೂ ಆಡ್ಲಾ ಅಂಕಲ್?" ಎಂದಳು.

ಧರ್ಮಣ್ಣ ತಲೆ ಕೆರೆದುಕೊಂಡ. "ಹೆಣ್ಣುಡ್ಗಿ ಕಣವ್ವ ನೀನು. ಬಾಲ್ ಗೀಲ್ ಬಡ್ದು ಏನಾರ ಆದ್ರೆ ನಿಮ್ಮವ್ವಂಗೆ ನಾನೇನ್ ಹೇಳ್ಲಿ?"

ಆಗ ನಾನು ಎದ್ದು ನಿಂತೆ. ಹೆಣ್ಣುಮಕ್ಕಳು ವಿಮಾನ ಓಡಿಸುವ ಕಾಲ ಇದು ಅಂದೆ. ನಮ್ಮೂರಿನ ಹುಡುಗಿಗೆ ನಾವೇ ಜಾಗ ಕೊಡದಿದ್ದರೆ ಇನ್ಯಾರು ಕೊಡುತ್ತಾರೆ ಅಂದೆ. ಸಮಾನತೆ ಅಂತಲೂ ಒಂದು ಸಲ ಅಂದ ನೆನಪು. ಸೋಮಶೇಖರ ಚಪ್ಪಾಳೆ ತಟ್ಟಿದ. (ನಿಜ ಹೇಳಬೇಕೆಂದರೆ ನನ್ನ ಕಣ್ಣು ಪೂರ್ತಿ ನೆಟ್ಟಿನ ಮೇಲಿತ್ತು.)

"ಒಂದ್ ಸರ್ವೀಸ್ ಹಾಕು ನೋಡನ" ಅಂದ ಧರ್ಮಣ್ಣ. ಹಾಕಿದಳು. ಬಾಲು ತಡೆಯಲು ಹೋದ ಧರ್ಮಣ್ಣನ ಎರಡೂ ಕೈ ಕೆಂಪಾದವು. "ಅಯ್ಯಯ್ಯೋ ಸಿವನೇ, ಸೇರ್ಕೊಳವ್ವ ತಾಯಿ" ಎಂದು ಕೈ ಉಜ್ಜಿಕೊಂಡ.

ತಂಡದ ಕಾನೂನನ್ನು ಅವಳಿಗೆ ಹೇಳಿದ್ದು ನಾನೇ. ಬಹಳ ಪ್ರೀತಿಯಿಂದ, ಒಂದನ್ನೂ ಬಿಡದೆ ಹೇಳಿದೆ. "ಅಷ್ಟೇನಾ ಅಂಕಲ್?" ಎಂದು ನಕ್ಕಳು. ಇಪ್ಪತ್ತನಾಲ್ಕು ವರ್ಷದ ಗೋಳು ಅವಳಿಗೆ ಅಷ್ಟೇ!

ಆಟ ಜೋರಾಗಿ ನಡೆಯಿತು. ಬಾಲು ಎಗರಿ ಯಂಗ್ ಕಾಫಿಯೊಳಗೆ ಹೋಯಿತು. "ಏ ಯಂಗೂ, ಬಾಲು!" ಎಂದು ಧರ್ಮಣ್ಣ ಕೂಗಿದ. ನಾನು ಅಭ್ಯಾಸಬಲದಿಂದ ಓಡಿದೆ. ಬೇಲಿ ಮುಟ್ಟುವಷ್ಟರಲ್ಲಿ ಚೈತ್ರ ಆ ಕಡೆಗೆ ಹಾರಿಯಾಗಿತ್ತು. ಎಲ್ಲರೂ ನಕ್ಕರು. ಧರ್ಮಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ, "ನೀನ್ಯಾಕೋ ಓಡ್ತೀಯ? ಬಾ, ಕೂತ್ಕೊ. ನಿಂಗೂ ವಯಸ್ಸಾಯ್ತಲ್ಲ ಇನ್ನು" ಎಂದು ಟೀ ಲೋಟ ಕೊಟ್ಟ.

ಆಗ ರಸ್ತೆಯಲ್ಲಿ ಬಿಸಿಲೆ ಕಡೆಯ ಬಸ್ಸು ಹಾರನ್ ಹೊಡೆಯಿತು. ಅದು ಬರುವುದು ಐದೂಮುಕ್ಕಾಲಿಗೆ.

ಬಿಟ್ಟಿ ಸಿಕ್ಕ ಬಿಡುಗಡೆ, ಸಂತೋಷಪಡಬೇಕಿತ್ತು. ಕೈ ಬೀಸಿಕೊಂಡು ಮನೆಗೆ ಬಂದೆ. ಕೈ ಎಲ್ಲಿಡುವುದು ಅಂತ ಗೊತ್ತಾಗಲಿಲ್ಲ. ಜಗಲಿಯಲ್ಲಿ ನೆಟ್ ತೂಗುಹಾಕುತ್ತಿದ್ದ ಮೊಳೆ ಬೋಳಾಗಿತ್ತು. ಹದಿನೈದು ವರ್ಷದಿಂದ ಇದ್ದ ಮಂಡಿನೋವು ಅವತ್ತು ಮೊದಲ ಸಲ ವಯಸ್ಸಿನ ನೋವಾಯಿತು. ಬೇಜಾರಾಗಿತ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ.

"ಭಾರ ಇಳೀತಲ್ಲ, ಮತ್ತ್ಯಾಕೆ ಮುಖ ಹಿಂಗೆ?" ಎಂದಳು ಶೈಲಾ.

ಏನೂ ಇಲ್ಲ ಎಂದೆ. "ಬೈಕಂಡೇ ಹೊತ್ರೂ ನೆಟ್ ಹೊರೋದು ನಿಮ್ಗೆ ಇಷ್ಟ ಇತ್ತು ಬುಡಿ" ಎಂದು ಒಳಗೆ ಹೋದಳು. ಈ ಹೆಂಗಸರಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೋ!

ಚೈತ್ರ ದಿನವೂ ಬಂದಳು. ನಮ್ಮ ತಂಡದ ಹಳೇ ಬನಿಯನ್ ಒಂದನ್ನು ಅವಳಿಗೆ ಕೊಟ್ಟಿದ್ದೆವು. ಎದೆ ಮೇಲಿನ "ಯಂಗ್ ಬಾಯ್ಸ್"ನಲ್ಲಿ ಬಾಯ್ಸ್ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿಕೊಂಡಿದ್ದಳು. ಬರೀ ಯಂಗ್ ಉಳಿದಿತ್ತು. ಅವಳನ್ನು ನೋಡಿದರೆ ಆ ಪದಕ್ಕೆ ಬೇರೆ ಅರ್ಥವೇ ಬೇಡ ಅನ್ನಿಸುತ್ತಿತ್ತು. ನೆಟ್ ಮಾತ್ರ ಕೆಟ್ಟದಾಗಿ ಸುತ್ತುತ್ತಿದ್ದಳು. ನಾನು ಕಟ್ಟೆ ಮೇಲೆ ಕೂತು ಟೀ ಕುಡಿಯುತ್ತಾ ನೋಡಿದೆ. ಎರಡು ದಿನ ತಡೆದೆ, ಮೂರನೇ ದಿನ ಎದ್ದು ಹೋಗಿ ಗಂಟಾಗದ ಹಾಗೆ ಸುತ್ತುವುದು ಹೇಗೆಂದು ತೋರಿಸಿಕೊಟ್ಟೆ. "ಏನ್ ಅಂಕಲ್, ಎಕ್ಸ್‌ಪರ್ಟು ನೀವು" ಎಂದಳು. ಟೀಗಿಂತ ಆ ಮಾತೇ ರುಚಿಯಾಗಿತ್ತು.

ಸೆಲೆಕ್ಷನ್ನಿನ ಮುಂಚಿನ ದಿನ, ಹಾಸನಕ್ಕೆ ಹೊರಟ ಬೆಳಿಗ್ಗೆಯೇ ಚೈತ್ರ ನಮ್ಮ ಮನೆಗೆ ಬಂದಳು. ಹೆಗಲ ಮೇಲೆ ನೆಟ್, ಕಂಕುಳಲ್ಲಿ ಬಾಲು.

"ಅಂಕಲ್, ನಾನು ಬರೋ ತಂಕ ಇದುನ್ನ ನೀವು ನೋಡ್ಕೊತೀರಾ?"

"ಸೋಮಶೇಖರಂಗೆ ಕೊಡ್ಬೋದಿತ್ತಲ್ಲವ್ವ?" ಎಂದೆ, ಸುಮ್ಮನೆ ಬಿಂಕಕ್ಕೆ.

ಚೈತ್ರ ದನಿ ತಗ್ಗಿಸಿದಳು. "ಅವ್ರಿಗೆಲ್ಲ ಹೇಳಕ್ಕೆ ಒಂಥರಾ ಆಗುತ್ತೆ ಅಂಕಲ್. ವಯಸ್ಸಾದೋರು, ಪಾಪ."

ಅವಳು ಗೇಟು ದಾಟುವ ತನಕ ತಡೆದುಕೊಂಡೆ. ಆಮೇಲೆ ಒಬ್ಬನೇ ನಕ್ಕೆ. ನೆಟ್ಟನ್ನು ಮೊಳೆಗೆ ತೂಗುಹಾಕಿದೆ. ಸಂಜೆ ನಾಲ್ಕಕ್ಕೆ ಆಟ ಶುರು, ನಾನು ಮೂರೂವರೆಗೇ ಹೊತ್ತುಕೊಂಡು ಹೊರಟೆ. ಬಾಲು ತೋಟಕ್ಕೆ ಬಿದ್ದಾಗ ಧರ್ಮಣ್ಣ ಕೂಗುವ ಮುಂಚೆಯೇ ಓಡಿದ್ದೆ. ಮೂರು ಜಿಗಣೆ ಕಚ್ಚಿದವು, ಬೈಯಲಿಲ್ಲ.

ಮೊನ್ನೆ ಹಾಸನದಿಂದ ಫೋನ್ ಬಂತು. "ಸೆಲೆಕ್ಟ್ ಆದೆ ಅಂಕಲ್!" ಎಂದು ಚೈತ್ರ ಕಿರುಚಿದ್ದು ಹಿತ್ತಲಿನಲ್ಲಿದ್ದ ಶೈಲಾಗೂ ಕೇಳಿಸಿತು. ಕಣದಲ್ಲಿ ಎಲ್ಲರಿಗೂ ಸ್ವೀಟು ಹಂಚಿದೆವು. ಧರ್ಮಣ್ಣ, "ನಮ್ ಟೀಮಿನ ಹುಡ್ಗಿ ಕಣ್ರೋ" ಎಂದು ಹತ್ತು ಸಲ ಹೇಳಿದ. ಈಗ ಅವಳಿಗೆ ಹದಿನೈದು ದಿನ ಕ್ಯಾಂಪು. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದ್ದಳು, ಅದನ್ನು ನಾನು ಯಾರಿಗೂ ಹೇಳಿಲ್ಲ. "ಬಂದ ತಕ್ಷಣ ನೆಟ್ ಇಸ್ಕೊತೀನಿ ಅಂಕಲ್, ನೀವ್ ಪಾಪ ಎಷ್ಟ್ ದಿನ ಅಂತ ಹೊರ್ತೀರ?"

ಈಗ ನೀವೇ ಹೇಳಿ, ಕೊಡಲೇಬೇಕಾ?