ಗದ್ದಲ ತೆಗೆಯುವವರು

ಎಂಬತ್ತರ ದಶಕದಲ್ಲಿ ನಾನು ನರ್ಸಾಗಿದ್ದ ಹಗರಿಬೊಮ್ಮನಹಳ್ಳಿಯ ದವಾಖಾನೆಯಲ್ಲಿ ಇಸಿಜಿ ತೆಗೆಯುವವರೊಬ್ಬರಿದ್ದರು. ಹೃದಯದ ಕರೆಂಟು ಬಲು ಸಣ್ಣದು; ಟ್ಯೂಬ್‌ಲೈಟ್ ಉರಿದರೂ ಯಂತ್ರದ ಮುಳ್ಳು ನಡುಗುತ್ತದೆ. "ಮೊದ್ಲು ಗದ್ಲ ತೆಗೀರಿ" ಎನ್ನುತ್ತ ಅವರು ಫ್ಯಾನು, ದೀಪ ಎಲ್ಲ ಆರಿಸಿ, ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಹಂಪಸಾಗರದ ಕುರಿಗಾರನೊಬ್ಬನನ್ನು ತಂದರು. ಡಾಕ್ಟರು ನಾಡಿ ಹಿಡಿದು ನೋಡಿ, ಸಿಗದೆ, ಇಸಿಜಿ ತೆಗೆಯಲು ಹೇಳಿದರು. ಇಸಿಜಿಯವರು ಅವನ ಮಣಿಕಟ್ಟುಗಳಿಗೆ ಯಂತ್ರದ ಪಟ್ಟಿ ಕಟ್ಟಿದರು. ಮುಳ್ಳು ನಡುಗಿತು.

"ಜೀವ ಐತ್ರಿ" ಎಂದಳು ಹೆಂಡತಿ.

ಇವರು ಫ್ಯಾನು, ದೀಪ ಎಲ್ಲ ಆರಿಸಿದರು. ನಡುಕ ನಿಂತು, ಕಾಗದದ ಮೇಲೆ ಮಿಡಿತದಂಥ ಪುಟ್ಟ ಏರಿಳಿತಗಳು ಸಾಲಾಗಿ ಮೂಡಿದವು. ಅವನ ತೆರೆದ ಕಣ್ಣು ಮಾತ್ರ ಮಿಟುಕಲಿಲ್ಲ.

ಹೆಂಡತಿ ಅವನ ಎರಡೂ ಕೈ ಹಿಡಿದುಕೊಂಡಿದ್ದಳು.

"ಅದು ನಿಮ್ಮ ಎದಿ ಬಡಿತರೀ ಅಕ್ಕಾರ. ಕೈ ಬಿಡ್ರಿ" ಎಂದರು ಇಸಿಜಿಯವರು.

"ಬಿಟ್ರ ನಿಂತು ಹೊಕ್ಕೈತ್ರಿ."

ಕಾಗದದ ಸುರುಳಿ ಮುಗಿಯುವವರೆಗೂ ಇವರು ಯಂತ್ರ ಆರಿಸಲಿಲ್ಲ.