ದೊಡ್ಡರಂಗಯ್ಯನ ನಿಷೇಧಿತ ತೋಟ

ಬಿದರೆಹಳ್ಳ ಕಾವಲ್ ಕಡೆಯ ದೊಡ್ಡರಂಗಯ್ಯನಿಗೆ ತೆಂಗಿನ ತೋಟ, ಹೊಟ್ಟೆಕಿಚ್ಚು ಎರಡೂ ಅಪ್ಪನಿಂದಲೇ ಬಂದವು. ಅವನು ಕರುಬಿಕೊಂಡು ಕೊಚ್ಚಿದ ಎಳನೀರಿನಿಂದ ಹೊಗೆ ಏಳುವುದನ್ನು ನಾನೇ ಕಂಡಿದ್ದೇನೆ.

ಪಕ್ಕದ ಮುದ್ದೀರಯ್ಯನ ತೋಟ ಹೆಲಿಕಾಪ್ಟರ್ ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡಿದೆ. ಭದ್ರತೆಗಾಗಿ ಅಲ್ಲೊಂದು ಬೋರ್ಡು ನೆಟ್ಟರು: ‘ಇಲ್ಲಿ ಫೋಟೊ ತೆಗೆಯುವುದನ್ನು ನಿಷೇಧಿಸಲಾಗಿದೆ.’

“ನಮ್ ತೋಟದ ತಾವ ಯಾರೂ ಫೋನ್ ಎತ್ತಂಗಿಲ್ಲ ಕಣ್ರಪ್ಪಾ, ಸೆಕ್ಯುರಿಟಿಯೋರು ಬತ್ತಾರೆ” ಎಂದು ಮುದ್ದೀರಯ್ಯ ಗುಬ್ಬಿ ಸಂತೆಯವರೆಗೂ ಮೀಸೆ ತಿರುವಿಕೊಂಡು ಹೋದ.

ದೊಡ್ಡರಂಗಯ್ಯ ಉಣ್ಣುತ್ತಿದ್ದ ಮುದ್ದೆ ಬಿಟ್ಟೆದ್ದ. ತುಮಕೂರಿಗೆ ಹೋಗಿ ಬಾಗಿಲಗಲದ ಬೋರ್ಡು ಬರೆಸಿ ತಂದು ತನ್ನ ಗೇಟಿಗೂ ಹಾಕಿದ. ಅಕ್ಷರ ಎಷ್ಟು ದಪ್ಪವೆಂದರೆ ಆಕಾಶದಲ್ಲಿ ಹಾರುವ ಹೆಲಿಕಾಪ್ಟರಿನವರೂ ಅದನ್ನೋದಿ ಹೆದರಿ ದಾರಿ ಬದಲಿಸಿದರು.

ಹೆಂಡತಿ ಹನುಮಕ್ಕ ಎಮ್ಮೆಕರುವಿನ ಫೋಟೊಗೆಂದು ಫೋನು ಎತ್ತಿದಾಗ, “ನಿಂಗೂ ರೂಲ್ಸೇ ಕಣಮ್ಮಿ” ಎಂದು ಕಿತ್ತುಕೊಂಡ.

“ಈ ತೋಟದಾಗೆ ಬಚ್ಚಿಡಕ್ಕೆ ಏನೈತೆ? ನಿನ್ ಮೂತಿ ಒಂದ್ ಬುಟ್ರೆ!” ಎಂದಳು ಅವಳು.

ದಾರಿಹೋಕರೆಲ್ಲ ಬೈಕು ನಿಲ್ಲಿಸಿ ಆ ಬೋರ್ಡಿನದೇ ಫೋಟೊ ತೆಗೆದರು. ಅದರಿಂದ ಅವನ ಹೊಟ್ಟೆ ತಣ್ಣಗಾಗಲಿಲ್ಲ. ಮುದ್ದೀರಯ್ಯನೇ ಬಂದು, ಆಸೆಪಟ್ಟು ಫೋನು ಎತ್ತಬೇಕು. ತಾನು ಊರಿಗೆಲ್ಲ ಕೇಳುವಂತೆ ಗದರಬೇಕು.

ಕೊನೆಗೂ ಮುದ್ದೀರಯ್ಯ ಬಂದ. ಬೋರ್ಡನ್ನು ನಿಧಾನವಾಗಿ ಓದಿದ. ಕೈಯಲ್ಲಿದ್ದ ಫೋನನ್ನು ಜೇಬಿಗಿಳಿಸಿದ.

“ರೂಲ್ಸು ಅಂದ್ಮೇಲೆ ರೂಲ್ಸು ಬುಡಣ್ಣ” ಎಂದು ನಡೆದೇಬಿಟ್ಟ.

ದೊಡ್ಡರಂಗಯ್ಯ ಗೇಟು ಹಾರಿ ಹಿಂದೆಯೇ ಓಡಿದ. “ಏಯ್, ನಿಂತ್ಕಳ್ಲಾ! ನಿಂಗೊಬ್ಬಂಗೆ ಪರ್ಮಿಷನ್ ಕೊಡ್ತೀನಿ ಕಣೋ, ಒಂದೇ ಒಂದು ಹೊಡ್ಕಂಡು ಹೋಗ್ಲಾ!”