ರಬ್ಬರಿನ ಡ್ರಮ್ಮೂ ನನ್ನ ರೊಟ್ಟಿಯೂ

ಬಡಿದು ನೋಡದೆ ನಾನು ಯಾವ ಕೊಡವನ್ನೂ ಮನೆಗೆ ತಂದವಳಲ್ಲ. ಬೆರಳ ಗೆಣ್ಣಿನಿಂದ ಎರಡು ಕಡೆ ಕುಟ್ಟಿ, ಕಿವಿ ಹಚ್ಚಿ ಕೇಳಿ, ದನಿ ಒಡೆದಂತಿದ್ದರೆ ಅಲ್ಲೇ ಇಟ್ಟು ಎದ್ದುಬಿಡುತ್ತೇನೆ. ತೆಂಗಿನಕಾಯಿಗೂ ಇದೇ ಪರೀಕ್ಷೆ, ಕಲ್ಲಂಗಡಿಗೂ ಇದೇ. ಗಂಡನನ್ನು ಹೀಗೆ ನೋಡಿ ಆರಿಸುವ ಪದ್ಧತಿ ನಮ್ಮ ಕಾಲಕ್ಕೆ ಇರಲಿಲ್ಲ. ಆದರೂ ಆ ಒಂದು ಸಾಮಾನು ಬಾಳಿಕೆ ಬಂದಿದೆ ಎನ್ನಬೇಕು. ನಾನು ಆರಿಸಿದ ಕೊಡ ಸೋರಿದ್ದಿಲ್ಲ. ಈ ಕೀರ್ತಿ ನಮ್ಮೂರು ಯರಗುಪ್ಪಿಯಲ್ಲಿ ಎಷ್ಟು ಹಬ್ಬಿದೆಯೆಂದರೆ, ಓಣಿಯ ಹೆಣ್ಣುಮಕ್ಕಳು ಸಂತೆಗೆ ಹೋಗುವಾಗ ನನ್ನ ಗೆಣ್ಣನ್ನು ಕರೆದುಕೊಂಡು ಹೋಗುತ್ತಾರೆ. ಅದರ ಹಿಂದೆ ನಾನು ಹೋಗುತ್ತೇನೆ.

ಹೀಗಾಗಿ, ನಮ್ಮ ಮನೆಯವರ ಮೇಳಕ್ಕೆ ಕರೆಂಟಿನ ಡ್ರಮ್ಮು ಕೊಳ್ಳುವ ಮಾತು ಬಂದಾಗ ನನ್ನನ್ನೂ ಹುಬ್ಬಳ್ಳಿಗೆ ಕರೆದದ್ದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ.

ಮೇಳ ದೊಡ್ಡದಲ್ಲ. ನಮ್ಮ ಮನೆಯವರು ಶಾಲೆಯ ಮಾಸ್ತರು. ಹಾರ್ಮೋನಿಯಂ ಹಿಡಿದು ಹಾಡುತ್ತಾರೆ. ಮೈದುನ ಶಿವಾನಂದ ಬ್ಯಾಂಕಿನಲ್ಲಿದ್ದಾನೆ, ಬ್ಯಾಂಜೊ ನುಡಿಸುತ್ತಾನೆ. ಡ್ರಮ್ಮಿಗೆ ನಮ್ಮ ಓಣಿಯ ಟೇಲರ್ ರಾಜೇಸಾಬ. ಹೊಲಿಗೆ ಮಷೀನು ತುಳಿದು ಪಳಗಿದ ಅವನ ಕಾಲು ದೊಡ್ಡ ಡ್ರಮ್ಮಿನ ಪೆಡಲಿನ ಮೇಲೆ ಕೂತಿತೆಂದರೆ ಎಂಥ ಹಾಡೂ ಹೊಲಿಗೆ ಬಿಚ್ಚುವುದಿಲ್ಲ. ಮದುವೆಮನೆಗಳಲ್ಲಿ ಮೊದಲು ಸಿನಿಮಾ ಹಾಡು, ಊಟವಾದ ಮೇಲೆ ಹಿರಿಯರಿಗಾಗಿ ಭಜನೆ.

ಆದರೆ ಅವನ ಡ್ರಮ್ಮುಗಳಿಗೆ ವಯಸ್ಸಾಗಿತ್ತು. ಮಳೆಗಾಲದಲ್ಲಿ ತೊಗಲು ಸಡಿಲಾಗಿ, ನನ್ನ ಒಲೆಯ ಮುಂದೆ ಬೀಗರ ಹಾಗೆ ಸಾಲಾಗಿ ಕೂತು ಮೈ ಕಾಯಿಸಿಕೊಳ್ಳುತ್ತಿದ್ದವು. ಸಾಲದ್ದಕ್ಕೆ ನಮ್ಮವರಿಗೆ ಕ್ಯಾಸೆಟ್ ಮಾಡಿಸುವ ಆಸೆ ಹುಟ್ಟಿತು. ಹುಬ್ಬಳ್ಳಿಯ ಸ್ಟುಡಿಯೋದವನು ಒಂದು ಹಾಡು ಕೇಳಿ, "ಮಾಸ್ತರ, ಈ ಡ್ರಮ್ಮಿನ ಸಪ್ಪಳದಾಗ ನಿಮ್ಮ ದನಿ ಹುಡುಕಬೇಕಾಗೇತ್ರಿ. ಸೀದಾ ವೈರ್ ಹಚ್ಚೂ ಅಂಥಾದ್ದು ತರ್ರಿ" ಎಂದು ಕಳಿಸಿದ್ದ. ಅಂದರೆ ಮದುವೆ ಮಂಟಪಕ್ಕೂ ಸ್ಟುಡಿಯೋಗೂ ಒಂದೇ ಆಗಬೇಕು, ನಮ್ಮ ಕೈಗೂ ಎಟುಕಬೇಕು.

ನಾವು ನಾಲ್ವರೂ ಹೋದ ಹುಬ್ಬಳ್ಳಿಯ ಅಂಗಡಿಯಲ್ಲಿ ನಮ್ಮ ಕೈಗೆ ಎಟುಕುವಂಥವು ಎರಡೇ ಇದ್ದವು. ಒಂದು, ಗುಂಡಿ ಒತ್ತಿದರೆ ತಾನೇ ಬಾರಿಸುವ ಹೊಸ ಪೆಟ್ಟಿಗೆ. ಇನ್ನೊಂದು, ಮುಚ್ಚಿಹೋದ ಯಾವುದೋ ಆರ್ಕೆಸ್ಟ್ರಾದವರು ಮಾರಿಹೋದದ್ದು: ಹಲಗೆಯ ಮೇಲೆ ಕೂರಿಸಿದ ಎಂಟು ರಬ್ಬರಿನ ಚೌಕಗಳು, ಪಕ್ಕಕ್ಕೆ ದನಿ ಕೊಡುವ ಒಂದು ಡಬ್ಬಿ. ಕೋಲಿನಿಂದ ಬಡಿದರೆ ಒಂದು ಚೌಕ ದೊಡ್ಡ ಡ್ರಮ್ಮಾಗುತ್ತದೆ, ಇನ್ನೊಂದು ಕಂಚಿನ ತಾಳವಾಗುತ್ತದೆ. ಪೆಟ್ಟಿಗೆಯೇ ಅಗ್ಗ, ಕೈಚೀಲದಲ್ಲಿ ಹಿಡಿಯುವಷ್ಟು ಚಿಕ್ಕದು. ಅದರಲ್ಲಿ ರಾಜೇಸಾಬನಿಗೆ ಮಾತ್ರ ಕೆಲಸವಿರಲಿಲ್ಲ. ಅದನ್ನು ಕೊಂಡರೆ ಮೇಳದಲ್ಲಿ ಅವನಿಗೆ ಜಾಗವಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಅವನು ಬಟ್ಟೆಯ ಚೀಲದಿಂದ ಕೋಲುಗಳನ್ನು ಹೊರಗೇ ತೆಗೆದಿರಲಿಲ್ಲ.

"ವೈನಿ, ಇದು ಊಟಾ ಕೇಳೂದಿಲ್ಲ, ಚಹಾ ಕೇಳೂದಿಲ್ಲ" ಎಂದು ಶಿವಾನಂದ ಪೆಟ್ಟಿಗೆಯ ಬೆನ್ನು ಸವರಿದ.

"ಖರೇ ಐತ್ರಿ ಸಾಹೇಬ್ರ" ಎಂದ ರಾಜೇಸಾಬ. "ಬ್ಯಾಂಜೊ ಬಾರಿಸೂ ಪೆಟಿಗಿನೂ ಐತಂತ್ರಿ. ಅಲ್ಲೇ ಬಾಜೂಕ ಐತಿ ನೋಡ್ರಿ."

ಶಿವಾನಂದ ಆ ಕಡೆ ನೋಡಲಿಲ್ಲ. ಅಂಗಡಿಯವ ಪೆಟ್ಟಿಗೆಯ ಗುಂಡಿ ಒತ್ತಿದ, ನಮ್ಮವರು ಭಜನೆ ಎತ್ತಿಕೊಂಡರು.

ಇಲ್ಲಿ ನಮ್ಮ ಕಡೆಯ ರೂಢಿಯೊಂದನ್ನು ಹೇಳಬೇಕು. ನಮ್ಮಲ್ಲಿ ಭಜನೆಯನ್ನು ಒಂದೇ ಉಸಿರಿಗೆ ಹಾಡಿ ಮುಗಿಸಿದರೆ ಅದು ಭಜನೆಯೇ ಅಲ್ಲ. ಅರ್ಧ ಸಾಲಿಗೆ ನಿಲ್ಲಬೇಕು, ಅರ್ಥ ಹೇಳಬೇಕು, ಎದುರು ಕೂತ ಯಾರಿಗಾದರೂ ಒಂದು ಚುಚ್ಚಬೇಕು; ಅವರು ನಕ್ಕಾದ ಮೇಲೆ ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಹಿಡಿಯಬೇಕು. ಅಷ್ಟು ಹೊತ್ತು ಬಾರಿಸುವವನು ಕೈಯನ್ನು ಪಿಸುಮಾತಿಗೆ ಇಳಿಸಿಕೊಂಡು ಕಾಯುತ್ತಾನೆ.

ನಮ್ಮವರು ರೂಢಿಯಂತೆ ನಿಂತರು. ಅಂಗಡಿಯವನ ಕಡೆ ತಿರುಗಿ, "ಇದರ ಅರ್ಥ ಏನಪಾ ಅಂದ್ರ" ಎಂದು ಶುರುಮಾಡಿದರು. ಪೆಟ್ಟಿಗೆ ನಿಲ್ಲಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ಅರ್ಥವನ್ನು ಕೂಗಿ ಹೇಳಬೇಕಾಯಿತು. ಮತ್ತೆ ಸಾಲು ಹಿಡಿಯುವಷ್ಟರಲ್ಲಿ ಪೆಟ್ಟಿಗೆಯ ತಾಳ ಎಲ್ಲಿಗೋ ಹೋಗಿತ್ತು. ಇನ್ನೊಮ್ಮೆ ಹಾಡಿದರು, ಇನ್ನೊಮ್ಮೆ ಅದೇ ಕಥೆ.

"ಮಾಸ್ತರ, ಮಷೀನ್ ಕರೆಕ್ಟ್ ಐತ್ರಿ. ನೀವು ತಪ್ಪಾಕತ್ತೀರಿ" ಎಂದ ಅಂಗಡಿಯವ. "ಅರ್ಥ ಬಿಟ್ಟು ಹಾಡ್ರಿ."

ಊರ ಮಕ್ಕಳ ತಪ್ಪು ತಿದ್ದುವುದರಲ್ಲೇ ಆಯುಷ್ಯ ಕಳೆದ ಮನುಷ್ಯ ಅಷ್ಟು ಸಣ್ಣ ಮುಖ ಮಾಡಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ವೈನಿ, ಹಂಗಾದ್ರ ಇದನ್ನ ಬಡದು ನೋಡ್ರಿ" ಎಂದು ಶಿವಾನಂದ ರಬ್ಬರಿನ ಚೌಕಗಳನ್ನು ತೋರಿಸಿದ. ನಾನು ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ಗೆಣ್ಣಿನಿಂದ ಮೊದಲನೆಯದನ್ನು ಕುಟ್ಟಿದೆ. ಟಪ್. ಪಕ್ಕದ್ದನ್ನು ಕುಟ್ಟಿದೆ. ಟಪ್. ಕಿವಿ ಹಚ್ಚಿ ಎಲ್ಲವನ್ನೂ ನೋಡಿ, "ಎಲ್ಲಾ ಒಡದಾವು" ಎಂದು ತೀರ್ಪು ಕೊಟ್ಟೆ.

"ಅಕ್ಕಾರ, ಈಗಷ್ಟ ಕರೆಂಟ್ ಹೋಗೇತ್ರಿ" ಎಂದ ಅಂಗಡಿಯವ, ಬಹಳ ಮರ್ಯಾದೆಯಿಂದ.

ಶಿವನ ಡಮರುವಿನಿಂದ ವ್ಯಾಕರಣದ ಅಕ್ಷರಗಳೆಲ್ಲ ಉದುರಿದವೆಂದು ಶಾಸ್ತ್ರದಲ್ಲಿದೆ. ಅದಕ್ಕೆ ಕರೆಂಟು ಬೇಕಿತ್ತೆಂದು ಎಲ್ಲೂ ಇದ್ದಂತಿಲ್ಲ. ಇದ್ದಿದ್ದರೆ ನಮ್ಮ ಕಡೆ ಎರಡಕ್ಷರವೂ ಬರುತ್ತಿರಲಿಲ್ಲ.

ಕರೆಂಟು ಬರುವತನಕ ನನಗೆ ಯೋಚಿಸಲು ಪುರುಸೊತ್ತು ಸಿಕ್ಕಿತು. ಜೋಳದ ರೊಟ್ಟಿ ಬಡಿಯುವವರಿಗೆ ಇದು ಗೊತ್ತು: ಕೈ ಒಂದೇ ಸಮನೆ ಬೀಳುವುದಿಲ್ಲ. ಹಿಟ್ಟು ಮುದ್ದೆಯಾಗಿದ್ದಾಗ ನಿಧಾನ, ಅಗಲವಾಗುತ್ತ ಬಿರುಸು, ಅಂಚಿಗೆ ಬಂದಾಗ ಕೂಸಿನ ಬೆನ್ನು ತಟ್ಟಿದಷ್ಟು ಮೆತ್ತಗೆ. ಒಲೆಯ ಉರಿ ತಗ್ಗಿದರೆ ಕೈ ತಾನಾಗಿ ತಡೆಯುತ್ತದೆ. ಗುಂಡಿ ಒತ್ತಿದ ಹಾಗೆ ಬಡಿಯುತ್ತ ಹೋದರೆ ರೊಟ್ಟಿ ಹರಿಯುತ್ತದೆ, ಮತ್ತು ತಪ್ಪು ಹಿಟ್ಟಿನದೆಂದು ನಾವ್ಯಾರೂ ಹೇಳುವುದಿಲ್ಲ.

ದೀಪ ಹತ್ತಿಕೊಂಡಿತು. "ನೀ ಏನಂತಿ?" ಎಂದರು ನಮ್ಮವರು.

ನಾನು ಅಂಗಡಿಯವನಿಗೆ ಹೇಳಿದೆ: "ಹಾಡಾವ್ರು ನಿಂತ್ರ ನಿಲ್ಲೂ ಅಂಥಾದ್ದು ಬೇಕಪಾ ನಮಗ."

"ಅಂಥಾ ಮಷೀನ್ ಇನ್ನೂ ಬಂದಿಲ್ರಿ ಅಕ್ಕಾರ."

"ನಮ್ಮಲ್ಲೆ ಐತಿ. ಅಕಾ ಅಲ್ಲಿ ಚೀಲಾ ಹಿಡಕೊಂಡು ನಿಂತೈತಿ. ಅದಕ್ಕ ಬಡಿಯಾಕ ಏನರ ಕೊಡು."

ರಾಜೇಸಾಬ ನಗಲಿಲ್ಲ. ಕೋಲು ಹೊರಗೆ ತೆಗೆದ, ಒಂದೊಂದೇ ಚೌಕವನ್ನು ಮೆತ್ತಗೆ ಮುಟ್ಟಿದ, ಆಮೇಲೆ ಜೋರಾಗಿ ಹೊಡೆದ. ಮೆತ್ತಗಿನದಕ್ಕೆ ಮೆತ್ತಗೆ, ಜೋರಿಗೆ ಜೋರು. ಕೊಟ್ಟಷ್ಟೇ ಮರಳಿ ಬಂತು. ಮೂಲೆಯದೊಂದು ಮಾತ್ರ ಎಷ್ಟು ಬಡಿದರೂ ಗೊಣಗುತ್ತಿತ್ತು.

"ಇದೊಂದು ಸ್ವಲ್ಪ ಮಬ್ಬ ಐತ್ರಿ ಅಕ್ಕಾರ" ಎಂದ ರಾಜೇಸಾಬ.

"ಇರಲಿ ಬಿಡು. ಅದಕ್ಕ ಕೆಲಸಾ ಕಡಿಮಿ ಹೇಳು."

ನಮ್ಮವರು ಮತ್ತೆ ಅದೇ ಭಜನೆ ಎತ್ತಿಕೊಂಡರು, ಅದೇ ಅರ್ಧ ಸಾಲಿಗೆ ನಿಂತರು. ಈ ಸಲ ಅರ್ಥವನ್ನು ಸ್ವಲ್ಪ ಬೆಳೆಸಿಯೇ ಹೇಳಿದರು. ಅರ್ಥ ಬಿಟ್ಟು ವ್ಯಾಪಾರ ಮಾಡುವವರ ಬಗ್ಗೆಯೂ ಒಂದು ಮಾತು ಸೇರಿತು. ಕೋಲಿನ ತುದಿಗಳು ರಬ್ಬರಿನ ಮೇಲೆ ಜೋಳದ ಕಾಳು ಉದುರಿದ ಹಾಗೆ ಆಡುತ್ತ ಕಾದವು. ಅಂಗಡಿಯವ ನಕ್ಕ. ಅವನ ನಗು ಮುಗಿದ ಕ್ಷಣಕ್ಕೆ ಸಾಲೂ ಡ್ರಮ್ಮೂ ಕೂಡಿಯೇ ಎದ್ದವು. ಬಸ್ಸಿನಲ್ಲಿ ಬರುವಾಗ ಆ ದನಿಯ ಡಬ್ಬಿಯನ್ನು ಶಿವಾನಂದನೇ ತೊಡೆಯ ಮೇಲೆ ಇಟ್ಟುಕೊಂಡಿದ್ದ; ಬೇರೆ ಯಾರಿಗೂ ಕೊಡಲಿಲ್ಲ.

ಸೋರುವ ಕೊಡವಲ್ಲ ಅದು. ಕುಬಿಹಾಳದ ಮದುವೆಯಲ್ಲಿ ಮಂಟಪವನ್ನೆಲ್ಲ ನಡುಗಿಸಿತು. ಸ್ಟುಡಿಯೋದವನು ಸೀದಾ ವೈರ್ ಹಚ್ಚಿದ. ನಮ್ಮವರ ದನಿ ಹುಡುಕದೆಯೇ ಸಿಕ್ಕಿತು. ಕರೆಂಟು ಹೋದರೆ ಇರಲಿ ಎಂದು ರಾಜೇಸಾಬ ಹಳೆಯ ಡ್ರಮ್ಮೊಂದನ್ನು ಮಂಟಪದ ಹಿಂದೆ ಇಟ್ಟುಕೊಂಡಿರುತ್ತಾನೆ. ಅದು ಈಗಲೂ ಮಳೆಗಾಲಕ್ಕೆ ನನ್ನ ಒಲೆಗೆ ಬರುತ್ತದೆ.

ಸಂಜೆ ಹೊಲಿಗೆಯ ಅಂಗಡಿ ಮುಚ್ಚಿ ರಾಜೇಸಾಬ ನಮ್ಮ ಪಡಸಾಲೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರೂಢಿ ಮಾಡುತ್ತಾನೆ. ಅವನ ಕಿವಿಯಲ್ಲಿ ಇಡೀ ಆರ್ಕೆಸ್ಟ್ರಾ. ನಮಗೆ ಕೇಳುವುದು ಟಪಟಪ ಅಷ್ಟೇ. ಮೊನ್ನೆ ಪಕ್ಕದ ಮನೆಯ ಗಂಗವ್ವ ಬಾಗಿಲಲ್ಲಿ ನಿಂತು, "ಯಾರು ಬಂದಾರ ಬೇ, ಇಷ್ಟ ರೊಟ್ಟಿ ಬಡಿಯಾಕತ್ತಿ?" ಎಂದಳು.

"ನಾ ಅಲ್ಲ ಬೇ, ರಾಜೇಸಾಬ."

ಗಂಗವ್ವ ಒಳಗೆ ಇಣುಕಿದಳು. ನಾನು ಕೊಡಕ್ಕೆ ಕಿವಿ ಹಚ್ಚುವ ಹಾಗೆಯೇ ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಕೇಳಿದಳು.

"ತೆಳ್ಳಗ ಬಡಿತಾನ" ಎಂದಳು. "ಕೈ ಚಲೋ ಐತಿ."